ಗಾಳಿಗೆ ಬಿದ್ದ ಹಿಂಡು

ನಸುಕಿನ ಐದೂವರೆಗೆ ಕೆಂಪು ದೀಪ ಹತ್ತುತ್ತದೆ.
ಉಲಾನ್‌ಬಾತರಿನ ಈ ಗಾಜಿನ ಕೋಣೆಯೊಳಗೆ
ಗಾಳಿ ಎಂಬುದೇ ಇಲ್ಲ.
ನಾನು ದುಲ್ಮಾ. ಗಾಳಿಯನ್ನು ಓದುವವಳು.

ಉವ್ಸ್, ಜವ್ಖಾನ್: ಹಿಮ ಮೊಣಕಾಲುದ್ದ,
ಕಣಿವೆಯ ದಾರಿ ಬಂದ್.
ಹೊವ್ಸ್‌ಗೊಲ್: ಸರೋವರದ ಮಂಜುಗಡ್ಡೆ ತೆಳುವಾಗಿದೆ,
ಲಾರಿ ಇಳಿಸಬೇಡಿ,
ನಿನ್ನೆ ದಾಟಿದವರ ಗಾಲಿಗುರುತು ನಂಬಬೇಡಿ.
ದೋರ್ನೋಗೋವಿ: ಧೂಳು. ಸೆಕೆಂಡಿಗೆ ಇಪ್ಪತ್ತೆಂಟು ಮೀಟರ್.
ಚಾಚಿದರೆ ನಿಮ್ಮ ಕೈ ನಿಮಗೇ ಕಾಣಿಸದು.

ಇಲ್ಲ, ಕಾಗದದಲ್ಲಿ ಹಾಗಿರುವುದಿಲ್ಲ.
‘ಗೋಚರತೆ ಐವತ್ತು ಮೀಟರಿಗಿಂತ ಕಡಿಮೆ’ ಎಂದಿರುತ್ತದೆ.
ಕೈಯ ಮಾತು ನನ್ನದು,
ಬಾಯಿಗೆ ಬಂದು ಪ್ರತಿಸಲ ನುಂಗಿಕೊಳ್ಳುವುದು.

ಉವ್ಸ್‌ನ ಮುದುಕಿಯೊಬ್ಬಳು ಒಮ್ಮೆ ಕಾಗದ ಬರೆಸಿದ್ದಳು:
‘ಮಗಳೇ, ನಮ್ಮ ಸೀಮೆಯ ಹೆಸರು ಬಂದಾಗ ಸ್ವಲ್ಪ ನಿಧಾನಿಸು.
ಕೆಟ್ಟದ್ದು ಬರುವಾಗ ಮಾತ್ರ
ರೇಡಿಯೋ ನಮ್ಮನ್ನು ಹೆಸರು ಹಿಡಿದು ಕರೆಯುತ್ತದೆ.’
ಅಂದಿನಿಂದ ಉವ್ಸ್ ಎನ್ನುವಾಗ
ಅತಿಥಿಗೆ ಬಟ್ಟಲು ನೀಡುವ ಹಾಗೆ
ಎರಡೂ ಕೈಯಲ್ಲಿ ಹಿಡಿದು ನೀಡುತ್ತೇನೆ.

ಕೊನೆಗೊಂದು ಕಿವಿಮಾತು, ಎಲ್ಲ ಸೀಮೆಗೂ ಒಂದೇ:
ಹಿಂಡು ಗಾಳಿಗೆ ಬಿದ್ದರೆ ಬೆನ್ನು ಹತ್ತಬೇಡಿ.

ಬರೆದವನು ಯಾರೋ, ಕುರಿ ಸಾಕಿದವನಲ್ಲ.
ಗಾಳಿ ಬಂದಾಗ ತೂರಿಕೊಳ್ಳಲು ಅಲ್ಲಿ ಕಾಳಿಲ್ಲ,
ಕಣವಿಲ್ಲ, ಮೊರವಿಲ್ಲ;
ಗಾಳಿಯೇ ತೂರುತ್ತದೆ:
ಕುರಿ ಒಂದು ಕಡೆ, ಮನುಷ್ಯ ಒಂದು ಕಡೆ.

ಹೋದ ವಸಂತದಲ್ಲಿ ನನ್ನ ತಮ್ಮ ಚೋಯಿಜಿಲ್
ಇನ್ನೂರ ಹನ್ನೆರಡು ಕುರಿಗಳ ಹಿಂದೆ ಹೋದ.
ಆ ಬೆಳಿಗ್ಗೆ ಓದಿದವಳು ನಾನೇ.
ಲಾರಿಯ ಹಳೆ ಬ್ಯಾಟರಿಗೆ ತಂತಿ ಸುತ್ತಿದ ಆ ರೇಡಿಯೋ
ಅವನ ಗುಡಾರದ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ.
ಮೂರು ದಿನ.
ಮೂರೂ ದಿನ ಬಂದು ಓದಿದೆ, ಅದೇ ಸಾಲು, ಅದೇ ದನಿ,
ಸಂಬಳಕ್ಕೆ.

ಸಿಕ್ಕಿದ್ದು ರೈಲುಹಳಿಯ ತಂತಿಬೇಲಿಯ ಬಳಿ.
ಮುಂದೆ ದಾರಿಯಿಲ್ಲದೆ ಬೇಲಿಗೆ ಒತ್ತಿ ನಿಂತ ಕುರಿಗಳು,
ಸತ್ತವು ಕೆಳಗೆ, ಇದ್ದವು ಮೇಲೆ,
ನಡುವೆ ಉಣ್ಣೆಯ ಬಿಸಿಯಲ್ಲಿ ಹುದುಗಿದ್ದ ಅವನು.
ಬದುಕಿಸಿದ್ದು ಅವೇ. ಕರೆದೊಯ್ದದ್ದೂ ಅವೇ.

ಆಸ್ಪತ್ರೆಯಲ್ಲಿ ಎರಡು ಬೆರಳಿಲ್ಲದ ಕೈ
ಹೊದಿಕೆಯೊಳಗೆ ಮುಚ್ಚಿಕೊಂಡಿದ್ದ.
ನಾನು ಬೈದೆ, ಅತ್ತೆ, ಮತ್ತೆ ಬೈದೆ.
ನನ್ನ ಮಾತು ಕೇಳಿಸಲಿಲ್ಲವೇನೋ ನಿನಗೆ?
‘ಕೇಳಿಸಿತು ಅಕ್ಕ,’ ಅಂದ,
‘ಕುರಿಗಳಿಗೆ ಕೇಳಿಸಲಿಲ್ಲ.’

ಈಗ ಲುವ್ಸಾನ್, ಗಾಜಿನಾಚೆ ಗುಂಡಿ ತಿರುಗಿಸುವವನು,
ಆಗಾಗ ಗೊಣಗುತ್ತಾನೆ:
‘ಕೊನೆಯ ಸಾಲಿಗೆ ಮುಂಚೆ ಎರಡು ಸೆಕೆಂಡು ನಿಲ್ಲುತ್ತೀಯ.
ಬ್ಯಾಟರಿ ಮುಗಿಯಿತು ಅಂದುಕೊಳ್ಳುತ್ತಾರೆ ಜನ.’
ಹೂಂ, ತಿದ್ದಿಕೊಳ್ಳುತ್ತೇನೆ ಅನ್ನುತ್ತೇನೆ.

ಇವತ್ತೂ ದೋರ್ನೋಗೋವಿಗೆ ಧೂಳು.
ಇವತ್ತೂ ನಿಂತೆ.
ಆ ಎರಡು ಸೆಕೆಂಡಿನಲ್ಲಿ ಎಲ್ಲೋ ಒಬ್ಬ
ಗುಡಾರದ ಬಾಗಿಲಿಗೆ ಕೈಯಿಟ್ಟಿದ್ದಾನೆ.
ಒಳಗೆ ಎಳೆದುಕೊಳ್ಳುವುದಕ್ಕೋ, ಹೊರಗೆ ತಳ್ಳುವುದಕ್ಕೋ,
ಈ ಕಡೆಯಿಂದ ಕಾಣಿಸುವುದಿಲ್ಲ.

ಓದಿದೆ.
ದೀಪ ಆರುವ ಮುಂಚೆ, ಹಾಳೆಯ ತುದಿಯಲ್ಲಿ
ಬಿಟ್ಟುಹೋಗಿದ್ದ ಇನ್ನೊಂದು ಹೆಸರು ಕಂಡಿತು.
ಸುಖ್‌ಬಾತರ್: ಮಧ್ಯಾಹ್ನದವರೆಗೆ ಶಾಂತ.