ಎರಡನೆಯ ಚೀಲ

ಬ್ರೆಡ್ಡಿನ ಚೀಲದಲ್ಲಿ ಮಣ್ಣು ತಂದಿದ್ದ ಕುಶ್ತೋದಿಯೊ.
ಒಂದಲ್ಲ, ಎರಡು. ಒಂದಕ್ಕೆ ಕೆಂಪು ದಾರ.
'ಕೆಂಪಿನದು ಸಾಯುತ್ತಿರುವ ಮರದ್ದು,' ಅಂದ.
'ಇನ್ನೊಂದು?'
'ಅದಕ್ಕೇನೂ ಆಗಿಲ್ಲ. ಹೋಲಿಸಿ ನೋಡಲಿಕ್ಕೆ ಬೇಕಾದೀತು ಅಂತ.'
ಟೋಪಿಯನ್ನು ಮೊಣಕಾಲ ಮೇಲಿಟ್ಟು ಕೂತ.
ಏವೊರಾದಲ್ಲಿ ಅಂದು ನೆರಳೂ ಸುಡುತ್ತಿತ್ತು.

ಅವನ ಕಡೆ ಕಾರ್ಕ್ ಮರದ ತೊಗಟೆ ಸುಲಿಯುವುದು
ಒಂಬತ್ತು ವರ್ಷಕ್ಕೊಮ್ಮೆ.
ಸುಲಿದ ಮೈಮೇಲೆ ಬಿಳಿ ಬಣ್ಣದಲ್ಲಿ ಆ ವರ್ಷದ ಕೊನೆಯ ಅಂಕಿ.
ತೋಪಿಗೆ ತೋಪೇ ಲೆಕ್ಕ ಬರೆಸಿಕೊಂಡು ನಿಂತಂತೆ.

ನನ್ನ ಕೆಲಸ ಸರಳ. ಮೋಸವೆಂದರೂ ಸೈ.
ಮಣ್ಣಿನ ಮೇಲೆ ನೀರು ಹೊಯ್ದು
ಕದಡಿದ್ದು ತಿಳಿಯಾಗಲೆಂದು ಕಾಯುತ್ತೇನೆ,
ಆಮೇಲೆ ಅದೇ ಜಾತಿಯ ಎಳೆ ಎಲೆಗಳನ್ನು ತೇಲಿಬಿಡುತ್ತೇನೆ.
ಗಾಳಕ್ಕೆ ಎರೆಹುಳ ಸಿಕ್ಕಿಸುವ ಹುಡುಗನ ತಾಳ್ಮೆ ಬೇಕು ಅಷ್ಟೆ,
ಮತ್ತು ಮೀನೇ ಇಲ್ಲದಿರಲಿ ಎಂಬ ಆಸೆ.

ಕೆಳಗೆ ಇದ್ದರೆ, ಅದು ಏಳುತ್ತದೆ:
ಎರಡು ಬಾಲದ ಕಣ, ಎಲೆಯ ಜಾಡು ಹಿಡಿದು ಈಜುತ್ತದೆ.
ದಾಲ್ಚಿನ್ನಿ ಮರದಲ್ಲಿ ಮೊದಲು ಸಿಕ್ಕಿತಂತೆ, ಹೆಸರಲ್ಲೂ ದಾಲ್ಚಿನ್ನಿ.
ಮೂಸಿದರೆ ಬರೀ ಮಣ್ಣು. ಒದ್ದೆ ಮಣ್ಣು.

ಮೂರು ದಿನ. ಕೆಂಪು ದಾರದ ತಟ್ಟೆಯಲ್ಲಿ ಎಲೆಗಳು ಹಸಿರು.
ನಾಲ್ಕು. ಹಸಿರು.
ಐದನೆಯ ಬೆಳಿಗ್ಗೆ, ಇನ್ನೊಂದು ತಟ್ಟೆಯಲ್ಲಿ,
ಎಲೆಯಂಚಿಗೆ ಚಹಾದ ಕಲೆಯಷ್ಟು ಕಂದು.
ಚೀಟಿ ಅದಲುಬದಲಾಗಿದೆಯೆಂದು
ಸಹಾಯಕಿ ಝುಲ್ಮೀರಾಳನ್ನು ಬೈದೆ.
ಅವಳು ಸುಮ್ಮನೆ ದಾರ ತೋರಿಸಿದಳು.
ಮೊದಲಿನಿಂದ ಎಲ್ಲವನ್ನೂ ಮತ್ತೊಮ್ಮೆ ಮಾಡಿದೆ.
ಕಲೆ ಕತ್ತರಿಸಿ ಗಜ್ಜರಿ ರಸದ ಹೆಪ್ಪಿನ ಮೇಲಿಟ್ಟೆ.
ಸೂಕ್ಷ್ಮದರ್ಶಕದಲ್ಲಿ ಹವಳದಂತೆ ಗಂಟುಗಂಟಾದ ಎಳೆಗಳು.
ಚೆಂದವಿತ್ತು. ಚೆಂದವಿಲ್ಲ ಅಂದರೆ ಸುಳ್ಳಾಗುತ್ತದೆ.

ಫೋನು ಮಾಡಿದಾಗ ತೋಪಿನಲ್ಲೇ ಇದ್ದ,
ಹಿಂದೆ ಕುರಿಗಳ ಕೊರಳ ಗಂಟೆ.
'ಕೆಂಪು ದಾರದ ಮಣ್ಣಲ್ಲಿ ಏನೂ ಸಿಗಲಿಲ್ಲ.
ಸಿಗಲಿಲ್ಲ ಅಂದರೆ ಇಲ್ಲವೆಂದಲ್ಲ,' ಅಂದೆ, ಅಭ್ಯಾಸಬಲ.
'ಇನ್ನೊಂದರಲ್ಲಿ ಸಿಕ್ಕಿದೆ.'

ಕುರಿಗಳು ದೂರವಾಗುವಷ್ಟು ಹೊತ್ತು ಮಾತಿಲ್ಲ.
'ಅದರ ಮೇಲೆ ನಾಲ್ಕು ಅಂತಿದೆ,' ಅಂದ ಕೊನೆಗೆ,
'ನಾನೇ ಬರೆದದ್ದು.
ಸುಲಿಯುವವರೆಲ್ಲ ಊಟಕ್ಕೆ ಕೂರುವುದು ಅದರಡಿಯೇ.
ಬೂಟು ಬಿಚ್ಚಿ, ಕೊಡವಿ.'

ಮತ್ತೆ ತಡೆದು ಕೇಳಿದ:
'ಬೂಟು ತೊಳೆಯಬೇಕಾದ್ದು
ಒಳಗೆ ಹೋಗುವಾಗಲೋ, ಹೊರಗೆ ಬರುವಾಗಲೋ?'

ಎರಡೂ ಸಲ, ಎಂದೆ.
ಫೋನು ಇಟ್ಟ ಮೇಲೆ ಕಂಡೆ,
ಅಂದು ಅವನು ಕೂತಿದ್ದ ಕುರ್ಚಿಯ ಕೆಳಗೆ
ಒಣಗಿದ ಮಣ್ಣಿನಲ್ಲಿ ಬೂಟಿನ ಅಚ್ಚು.
ಯಾರೂ ಗುಡಿಸಿರಲಿಲ್ಲ.