ಎಂಟರಲ್ಲಿ ನಿಂತ ಮುಳ್ಳು

ಘಾಟ್ಕೋಪರದ ದವಾಖಾನೆಯಲ್ಲಿ ಇಂದು ಬಿಚ್ಚಿದ ಬಿ.ಪಿ. ಮೀಟರಿನ ಮುಳ್ಳು
ಗಾಳಿಯೆಲ್ಲ ಬಿಟ್ಟ ಮೇಲೂ ಎಂಟರಲ್ಲೇ ನಿಂತಿತ್ತು.
ಯಾರ ತೋಳೂ ಇಲ್ಲ, ಯಾರ ರಕ್ತವೂ ಇಲ್ಲ,
ಆದರೂ ಎಂಟು.
ಎಂದಿನಿಂದ ಹೀಗೆ, ಅಂದೆ.
ಕಂಪೌಂಡರ್ ತಾಮ್ಹಣಕರ್ ತಲೆ ಕೆರೆದುಕೊಂಡ:
ನಾನು ಸೇರಿದಾಗಿನಿಂದ.

ಅಂದರೆ ನಾಲ್ಕು ವರ್ಷ
ಈ ಗಲ್ಲಿಯ ಹೂವಿನವರು, ರಿಕ್ಷಾದವರು
ತಮ್ಮದಲ್ಲದ ಎಂಟನ್ನು ಹೊತ್ತು ತಿರುಗಿದ್ದಾರೆ;
ಕೆಲವರು ಅದಕ್ಕಾಗಿ ಉಪ್ಪಿನಕಾಯಿ ಬಿಟ್ಟಿದ್ದಾರೆ.
ಕಾರ್ಡುಗಳನ್ನು ತಿರುವಿದೆ:
೧೪೦, ೧೫೦, ೧೩೦, ೧೪೦.
ಎಲ್ಲರೂ ಸೊನ್ನೆಯಲ್ಲೇ ಮುಗಿಯುವವರು.
ದೇವರೇನು ಹತ್ತರ ನೋಟಿನಲ್ಲೇ ರಕ್ತ ಎಣಿಸಿ ಕೊಟ್ಟನೆ?
ನೂರಾ ಮೂವತ್ತಾರರ ಮನುಷ್ಯ ಒಬ್ಬನಾದರೂ
ಈ ಬಾಗಿಲು ದಾಟಿರಲಾರನೆ?

ಪಾದರಸದ ಕಂಬದ ಪಕ್ಕ ಕೂರಿಸಿ
ಎರಡನ್ನೂ ಒಟ್ಟಿಗೆ ಏರಿಸಿದೆ, ಒಟ್ಟಿಗೆ ಇಳಿಸಿದೆ.
ಬಿಲ್ಲು ಬರೆದೆ: ಮುಳ್ಳು ಸರಿಪಡಿಸಿದ್ದು, ಇನ್ನೂರೈವತ್ತು.
ಆ ನಾಲ್ಕು ವರ್ಷವನ್ನು ಯಾವ ಸಾಲಿನಲ್ಲಿ ಬರೆಯಲಿ?

ಕುರ್ಲಾ ಮುಟ್ಟಿದಾಗ ಒಂಬತ್ತು.
ಸಾವಂತ್ರಿ ಮೆಸ್ಸಿನ ಇನ್ನೂರು ರೊಟ್ಟಿ ಬಡಿದು ಈಗಷ್ಟೇ ಕುಂತಿದ್ದಳು.
ತಲಿ ಸಿಡೀತೈತಿ, ನೋಡು ನಿನ್ನ ಮಷೀನಿನಾಗ, ಅಂದಳು.
ಪಟ್ಟಿ ಸುತ್ತಿದರೆ ತುದಿಗೆ ತುದಿ ಮುಟ್ಟಲಿಲ್ಲ.
ಮೂವತ್ತು ವರ್ಷ ಜೋಳ ಬಡಿದ ತೋಳು ಅದು.
ಊರಿಗೆಲ್ಲ ದೊಡ್ಡ ಪಟ್ಟಿ ಮಾರುವ ನಾನು
ಮನೆಗೊಂದು ತಂದಿರಲಿಲ್ಲ.
ಚೀಲದ ತಳದಲ್ಲಿ ಗಿರಾಕಿಗೆಂದು ಇಟ್ಟದ್ದಿತ್ತು, ತೆಗೆದೆ.

ಬಚ್ಚಲಿಗೆ ಹೋಗಿ ಬಾ. ಗೋಡೆಗೆ ಬೆನ್ನು ಕೊಡು.
ಕಾಲ ಮೇಲೆ ಕಾಲು ಬೇಡ.
ತೋಳಿನ ಕೆಳಗೆ ಅಕ್ಕಿ ಡಬ್ಬಿ, ಅದರ ಮೇಲೆ ದಿಂಬು,
ಎದೆಯ ಮಟ್ಟಕ್ಕೆ ಬರುವ ತನಕ.
ಇನ್ನು ಐದು ನಿಮಿಷ ಸುಮ್ಮ ಕುಂದ್ರು.
ಸುಮ್ಮನ?
ಸುಮ್ಮನ.

ಹಾರ್ಬರ್ ಲೈನಿನ ಗಾಡಿಯೊಂದು ಹೋಯಿತು.
ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿತು.
ಅವಳು ಬಾಯಿ ತೆರೆದಳು, ಬೆರಳು ತೋರಿಸಿದೆ, ಮುಚ್ಚಿದಳು.
ಮೂರನೇ ನಿಮಿಷಕ್ಕೆ ಉಗುರ ಸಂದಿಯ ಹಿಟ್ಟು ನೋಡಿಕೊಂಡಳು,
ನಾಲ್ಕನೆಯದಕ್ಕೆ ನನ್ನನ್ನು.
ಇಷ್ಟು ಹೊತ್ತು ಎದುರೆದುರು ಕುಂತದ್ದು
ಹೆಣ್ಣು ನೋಡುವ ದಿನ ಇರಬೇಕು;
ಅಂದೂ ಮಾತಾಡುವಂತಿರಲಿಲ್ಲ.

ನೂರಾ ಐವತ್ತೆರಡು.
ನಿಮಿಷ ಬಿಟ್ಟು ಮತ್ತೆ: ನೂರಾ ನಲವತ್ತಾರು.
ನಲವತ್ತು ಅಂತ ಬರಿ, ಹೋಗ್ಲಿ, ಎಂದಳು
ಕಾಯಿಪಲ್ಲೆಯವಳ ಹತ್ತಿರ ಚಿಲ್ಲರೆ ಬಿಡಿಸುವ ದನಿಯಲ್ಲಿ.
ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ,
ಎರಡನ್ನೂ ಬರೆದೆ, ಇದ್ದಂತೆ.
ನಾಳೆ ಒಲೆ ಹಚ್ಚುವ ಮೊದಲು ಇನ್ನೊಮ್ಮೆ.

ಪಟ್ಟಿ ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿಯಾಗಿತ್ತು.
ಅವಳು ಮಾತ್ರ ತೋಳನ್ನು
ಅಕ್ಕಿ ಡಬ್ಬಿಯ ಮೇಲಿಂದ ತೆಗೆದಿರಲಿಲ್ಲ.