ಐಡಲ್

ಬೈತ್‌ಖೋಲ್ ಜೆಟ್ಟಿಯಲ್ಲಿ ಮೂವತ್ತು ವರ್ಷ
ಕಿವಿಯಿಂದಲೇ ಇಂಜಿನ್ನು ಬಿಚ್ಚಿದವ ನಾನು.
ಲಂಗರು ಹಾಕಿಯೂ ಓಡುತ್ತಿದ್ದ ನನ್ನೆದೆ ಕೇಳಿಸಲಿಲ್ಲ;
ಸ್ಪ್ಯಾನರ್ ನಡುಗಿದಾಗ ಗ್ರೀಸಿಗೆ ಬೈದೆ.

ಡಾಕ್ಟರ್ ಬಾಯಿ ಗಂಟಲು ಮುಟ್ಟಿ "ನುಂಗಿ" ಅಂದರು.
ದಿನಕ್ಕೆ ಮೂರು ಗುಳಿಗೆ, ಆರು ವಾರಕ್ಕೊಮ್ಮೆ ರಕ್ತ.
ಓಟ ಇಳಿಯಿತೆಂದು ನಾನೇ ಒಂದು ಬಿಟ್ಟೆ.

ರಿಪೋರ್ಟು ನೋಡಿ ಕೇಳಿದ್ದು ಇಷ್ಟೇ:
"ಬೋಟಿನವರು ತಾವೇ ಸ್ಕ್ರೂ ತಿರುಗಿಸಿ ತಂದರೆ
ಏನಂತೀರಿ, ದತ್ತಾರಾಮ?"
ಅನ್ನುವುದು ಆ ಕೋಣೆಯಲ್ಲಿ ಅನ್ನುವಂಥದ್ದಲ್ಲ.

ಈಗ ಕಾಲು ಸುತ್ತಾದರೂ ಅವರನ್ನು ಕೇಳಿಯೇ.
ಗಂಟಲು ನೋವು, ಜ್ವರ ಬಂದರೆ
ಗುಳಿಗೆ ನಿಲ್ಲಿಸಿ ಅವತ್ತೇ ಓಡಬೇಕು.
ರುಕ್ಮಾ ಬರೆದಿದ್ದಾಳೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ.

ರಾತ್ರಿ ಮಣಿಕಟ್ಟು ಹಿಡಿದು ಎಣಿಸುತ್ತೇನೆ:
ಎಂಬತ್ತೆರಡು. ಇನ್ನೂ ಚೂರು ಜಾಸ್ತಿ. ಹೊಗೆಯಿಲ್ಲ.
ಆಚೆ ಒಂದು ಟ್ರಾಲರ್ ಕೆಮ್ಮಿ ಹೊರಟಿತು;
ಅದರ ನಾಝಲ್ ಹೋಗಿದೆ.